ಡ್ರೈವರ್ ಸೀಟು ಕುಸಿದಿದೆ, ಅಲುಗಾಡುತ್ತದೆ: ಇಡೀ ಸೀಟನ್ನೇ ಬದಲಿಸಬೇಕಾ?

ಪ್ರಶ್ನೆ: ನನ್ನ ಕಾರಿಗೆ 18 ವರ್ಷ. ಎಂಜಿನ್ ಚೆನ್ನಾಗಿದೆ, ಮಾರುವ ಮನಸ್ಸಿಲ್ಲ. ಆದರೆ ಡ್ರೈವರ್ ಸೀಟು ಬಾಗಿಲ ಕಡೆಗೆ ಕುಸಿದಿದೆ. ಅರ್ಧ ಗಂಟೆ ಓಡಿಸಿದರೆ ಸೊಂಟ ಹಿಡಿದುಕೊಳ್ಳುತ್ತದೆ. ಬ್ರೇಕ್ ಹಾಕಿದಾಗ ಕೆಳಗಿನಿಂದ 'ಟಕ್' ಅಂತ ಸದ್ದು ಬಂದು ಸೀಟು ಚೂರು ಮುಂದಕ್ಕೆ ಹೋದ ಹಾಗೆ ಅನಿಸುತ್ತದೆ. ಎತ್ತರ ಹೆಚ್ಚಿಸುವ ಲಿವರ್ ಇದೆ, ಆದರೆ ಎತ್ತಿಕೊಂಡು ಕೂತರೂ ಸ್ವಲ್ಪ ಹೊತ್ತಿಗೆ ಸೀಟು ಕೆಳಗಿಳಿದಿರುತ್ತದೆ. ಸದ್ಯಕ್ಕೆ ಒಂದು ದಿಂಬು ಹಾಕಿಕೊಂಡಿದ್ದೇನೆ. ಗ್ಯಾರೇಜಿನವರು ಇಡೀ ಸೀಟು ಬದಲಿಸಿ ಅನ್ನುತ್ತಾರೆ. ಕುಷನ್ ಕೆಲಸದವರು ಫೋಮ್ ಹಾಕಿದರೆ ಸಾಕು ಅನ್ನುತ್ತಾರೆ. ಯಾರ ಮಾತು ಕೇಳಲಿ? ನಾನೇ ಮಾಡಿಕೊಳ್ಳಬಹುದಾ?

ಉತ್ತರ: ಇಬ್ಬರೂ ಸೀಟನ್ನು ಬಿಚ್ಚಿ ನೋಡದೆ ಹೇಳಿದ ಹಾಗೆ ಕಾಣುತ್ತದೆ. ನೀವು ಬರೆದದ್ದರಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ಬಾಗಿಲ ಕಡೆ ಕುಸಿದಿರುವುದು ಸ್ಪ್ರಿಂಗಿನದ್ದೋ ಫೋಮಿನದ್ದೋ ಸಮಸ್ಯೆ. ಬ್ರೇಕ್ ಹಾಕಿದಾಗ ಬರುವ ಸದ್ದು ರೇಲಿನ (ಸೀಟು ಹಿಂದೆ ಮುಂದೆ ಜರುಗುವ ಹಳಿಯ) ಲಾಕಿನದ್ದು, ಇಲ್ಲವೇ ನೆಲಕ್ಕೆ ಹಾಕಿದ ಬೋಲ್ಟಿನದ್ದು. ತಾನಾಗಿ ಕೆಳಗಿಳಿಯುವುದು ಎತ್ತರದ ಲಿವರಿನ ಒಳಗಿನ ಹಿಡಿತದ ಸಮಸ್ಯೆ. ಒಂದಕ್ಕೆ ಮಾಡಿದ ರಿಪೇರಿಯಿಂದ ಇನ್ನೊಂದು ಸರಿ ಹೋಗುವುದಿಲ್ಲ. ಹೊಸ ಫೋಮ್ ಹಾಕಿಸಿದರೆ ಸೊಂಟಕ್ಕೆ ಹಿತ ಅನಿಸಬಹುದು, ಸೀಟು ಮಾತ್ರ ಬ್ರೇಕ್ ಹಾಕಿದಾಗಲೆಲ್ಲ ಜರುಗುತ್ತಲೇ ಇರುತ್ತದೆ.

ಆದ್ದರಿಂದ ಅಲುಗಾಟವನ್ನು ಮೊದಲು ನೋಡಿ, ಕುಸಿತವನ್ನು ಆಮೇಲೆ ನೋಡೋಣ. ಕುಸಿದ ಸೀಟು ಮೈ ನೋಯಿಸುತ್ತದೆ. ಅಲುಗಾಡುವ ಸೀಟು ಜೀವಕ್ಕೇ ಅಪಾಯ. ಲಾಕ್ ಪೂರ್ತಿ ಕೂತಿಲ್ಲದ ಸೀಟು ಏರಿನಲ್ಲಿ ತಟ್ಟನೆ ಹಿಂದಕ್ಕೆ ಹೋದರೆ ಕಾಲು ಪೆಡಲಿನಿಂದ ತಪ್ಪುತ್ತದೆ, ಕೈ ತನಗರಿವಿಲ್ಲದೆ ಸ್ಟೀರಿಂಗನ್ನು ಎಳೆಯುತ್ತದೆ. ಜೋರಾಗಿ ಬ್ರೇಕ್ ಹಾಕಿದಾಗ ಲಾಕ್ ಬಿಟ್ಟರೆ ಎದೆ ಸ್ಟೀರಿಂಗಿಗೆ ಹೋಗುತ್ತದೆ. ಸೀಟುಗಳ ಗಟ್ಟಿತನಕ್ಕೆ ವಿಶ್ವಸಂಸ್ಥೆಯ 17ನೇ ವಾಹನ ನಿಯಮ ಅಂತ ಒಂದಿದೆ. ಗುರುತ್ವದ 20 ಪಟ್ಟು ಜೋರಿನ ಹೊಡೆತಕ್ಕೂ ಸೀಟು ನೆಲದಿಂದ ಕಿತ್ತು ಬರಬಾರದು ಅನ್ನುತ್ತದೆ ಅದು. 20 ಕೆ.ಜಿ. ಸೀಟು ಆ ಕ್ಷಣದಲ್ಲಿ 400 ಕೆ.ಜಿ. ಭಾರದ ಹಾಗೆ ಎಳೆಯುತ್ತದೆ ಅಂತಾಯಿತು. ಇದು ಸೀಟಿನ ಲೆಕ್ಕ ಮಾತ್ರ. ಎಷ್ಟೋ ಕಾರುಗಳಲ್ಲಿ ಬೆಲ್ಟ್ ಸಿಕ್ಕಿಸುವ ಬಕಲ್ ಸೀಟಿಗೇ ಕೂತಿರುತ್ತದೆ. ಅಂಥ ಕಾರಿನಲ್ಲಿ ನಿಮ್ಮ ಮೈಭಾರದಲ್ಲಿ ಒಂದು ಪಾಲೂ ಸೀಟನ್ನು ನೆಲಕ್ಕೆ ಹಿಡಿದಿರುವ ಬೋಲ್ಟುಗಳ ಮೇಲೆ ಬೀಳುತ್ತದೆ. ಈ ಸದ್ದಿನ ಮೂಲ ಸಿಗುವವರೆಗೆ ಹೆದ್ದಾರಿಗೆ ಹೋಗಬೇಡಿ.

ದಿಂಬನ್ನು ಇವತ್ತೇ ತೆಗೆಯಿರಿ. ಬೆಲ್ಟಿನ ಕೆಳಗಿನ ಪಟ್ಟಿ ಸೊಂಟದ ಮೂಳೆಯ ಮೇಲೆ ಕೂರಬೇಕು. ಮೆತ್ತನೆ ದಿಂಬಿನ ಮೇಲೆ ಕೂತಿದ್ದಾಗ ಡಿಕ್ಕಿಯಾದರೆ ದಿಂಬು ಅಮುಕಿಕೊಂಡು ಜಾರುತ್ತದೆ, ಮೈ ಬೆಲ್ಟಿನ ಅಡಿಗೆ ನುಸುಳುತ್ತದೆ, ಪಟ್ಟಿ ಮೂಳೆ ಬಿಟ್ಟು ಮೆತ್ತನೆ ಹೊಟ್ಟೆಗೆ ಬೀಳುತ್ತದೆ. ಇದಾಗಬಾರದು ಅಂತಲೇ ಸೀಟಿನ ಮುಂಭಾಗದಲ್ಲಿ, ತೊಡೆಯ ಕೆಳಗೆ, ಫ್ರೇಮನ್ನು ಎತ್ತರಿಸಿರುತ್ತಾರೆ. ದಿಂಬು ಹಾಕಿದರೆ ಆ ಏರಿನ ಕೆಲಸವೇ ಹಾಳು.

ಈಗ ತಪಾಸಣೆ. ಇದಕ್ಕೆ ಸೀಟು ಬಿಚ್ಚಬೇಕಿಲ್ಲ. ಒಂದು ಟಾರ್ಚ್, ಜೊತೆಗೆ ಒಬ್ಬರು ಇದ್ದರೆ ಸಾಕು. ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ. ಒಬ್ಬರು ಸೀಟಿನ ಬೆನ್ನಿನ ಮೇಲ್ತುದಿ ಹಿಡಿದು ಹಿಂದೆ ಮುಂದೆ, ಆಮೇಲೆ ಎಡಕ್ಕೆ ಬಲಕ್ಕೆ ಅಲುಗಿಸಲಿ. ನೀವು ಬಾಗಿಲ ಹತ್ತಿರ ಮಂಡಿಯೂರಿ ಕೆಳಗೆ ನೋಡಿ. ಅಲುಗಾಟ ಬರಬಹುದಾದ ಜಾಗಗಳು ನಾಲ್ಕು: ನೆಲಕ್ಕೂ ರೇಲಿಗೂ ನಡುವೆ, ಕೆಳಗಿನ ರೇಲಿಗೂ ಮೇಲಿನ ರೇಲಿಗೂ ನಡುವೆ, ರೇಲಿಗೂ ಸೀಟಿನ ಫ್ರೇಮಿಗೂ ನಡುವೆ, ಕೂರುವ ಭಾಗಕ್ಕೂ ಬೆನ್ನಿಗೂ ನಡುವೆ. ಕಣ್ಣಿಗೆ ಎಲ್ಲವೂ ಒಟ್ಟಿಗೆ ಅಲುಗಾಡಿದ ಹಾಗೆ ಕಾಣುತ್ತದೆ. ಅದಕ್ಕೇ ಬೆರಳಿಡಿ. ಬೆರಳಿನ ಅರ್ಧ ಒಂದು ಭಾಗದ ಮೇಲೆ, ಇನ್ನರ್ಧ ಪಕ್ಕದ ಭಾಗದ ಮೇಲೆ ಇರಲಿ. ಕೂದಲೆಳೆಯಷ್ಟು ಜರುಗಿದರೂ ಚರ್ಮಕ್ಕೆ ಗೊತ್ತಾಗುತ್ತದೆ. ಒಂದೊಂದು ಜಾಗಕ್ಕೂ ಬೆರಳು ಇಡುತ್ತಾ ಹೋದರೆ ಲೂಸ್ ಎಲ್ಲಿದೆ ಅಂತ ಸಿಕ್ಕೇ ಸಿಗುತ್ತದೆ. ಬೆರಳು ಸಂದಿಯ ಒಳಗೆ ಹೋಗದ ಹಾಗೆ ನೋಡಿಕೊಳ್ಳಿ, ಅಷ್ಟೆ.

ನೆಲಕ್ಕೂ ರೇಲಿಗೂ ನಡುವೆ ಅಲುಗಾಡಿದರೆ ಬೋಲ್ಟ್ ಲೂಸಾಗಿದೆ. ಹೆಚ್ಚಿನ ಸೀಟುಗಳಿಗೆ ನಾಲ್ಕು ಬೋಲ್ಟ್, ಮುಂದೆ ಎರಡು ಹಿಂದೆ ಎರಡು. ಮೇಲೆ ಪ್ಲಾಸ್ಟಿಕ್ ಮುಚ್ಚಳ ಇರಬಹುದು. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದರೆ ಮುಂದಿನವು, ಮುಂದಕ್ಕೆ ತಂದರೆ ಹಿಂದಿನವು ಕಾಣುತ್ತವೆ. ಟೈಟ್ ಆದರೆ ಸರಿ. ಟೈಟ್ ಮಾಡುತ್ತಾ ಹೋದರೂ ಬೋಲ್ಟ್ ಸುಮ್ನೆ ಸುತ್ತುತ್ತಲೇ ಇದ್ದರೆ ಥ್ರೆಡ್ ಸವೆದಿದೆ, ಅಥವಾ ನೆಲದೊಳಗೆ ಬೆಸುಗೆ ಹಾಕಿ ಕೂರಿಸಿದ ನಟ್ ಕಿತ್ತು ಬಂದಿದೆ ಅಂತ ಅರ್ಥ. ಹಳೆ ಕಾರಿನಲ್ಲಿ ಎರಡನೆಯದಕ್ಕೆ ಕಾರಣ ಹೆಚ್ಚಾಗಿ ತುಕ್ಕೇ. ಕಾರ್ಪೆಟ್ ಎತ್ತಿ ಕೈಯಾಡಿಸಿ. ಒದ್ದೆ ಇದೆಯಾ? ಬಾಗಿಲಿನ ರಬ್ಬರ್, ಸನ್‌ರೂಫಿನ ನೀರು ಹೋಗುವ ಕೊಳವೆ, ಹೀಟರಿನ ಸೋರಿಕೆ, ಇವುಗಳಲ್ಲಿ ಯಾವುದರಿಂದಲಾದರೂ ನೀರು ಬಂದು ಸೀಟಿನ ಕೆಳಗೆ ನಿಲ್ಲುತ್ತಿರಬಹುದು. ಸ್ಕ್ರೂಡ್ರೈವರಿನ ಹಿಡಿಯಿಂದ ನೆಲವನ್ನು ತಟ್ಟಿ. ಗಟ್ಟಿ ತಗಡು ಠಣ್ ಅನ್ನುತ್ತದೆ, ತುಕ್ಕು ತಿಂದ ತಗಡು ಬೊದ್ದಾಗಿ ಕೇಳಿಸುತ್ತದೆ. ಹೀಗಿದ್ದರೆ ದೊಡ್ಡ ವಾಷರ್ ಹಾಕಿ ಬಿಗಿದು ಮುಗಿಸಬೇಡಿ. ಕೊಳೆತ ತಗಡು ಕತ್ತರಿಸಿ ಹೊಸದು ಕೂರಿಸುವುದು ಬಾಡಿ ವೆಲ್ಡಿಂಗ್ ಗೊತ್ತಿರುವವರ ಕೆಲಸ.

ಬೋಲ್ಟ್ ಬದಲಿಸಬೇಕಾಗಿ ಬಂದರೆ ತಲೆಯ ಮೇಲಿನ ಅಂಕಿ ನೋಡಿ. 8.8 ಅಥವಾ 10.9 ಅಂತ ಇರುತ್ತದೆ. 10.9 ಅಂದರೆ ಚದರ ಮಿಲಿಮೀಟರಿಗೆ ಸುಮಾರು 1000 ನ್ಯೂಟನ್ ಎಳೆತ ತಡೆಯುವ ಉಕ್ಕು. ಚುಕ್ಕಿಯ ನಂತರದ 9, ಅದರ ನೂರಕ್ಕೆ 90 ಪಾಲಿನವರೆಗೂ ಬೋಲ್ಟ್ ಶಾಶ್ವತವಾಗಿ ಹಿಗ್ಗುವುದಿಲ್ಲ ಅಂತ ಹೇಳುತ್ತದೆ. ಮನೆಕೆಲಸಕ್ಕೆ ಸಿಗುವ ಮಾಮೂಲಿ 4.6 ಬೋಲ್ಟಿನ ಬಲ ಅದರ ಅರ್ಧಕ್ಕೂ ಕಡಿಮೆ. ಅಳತೆ ಸರಿ ಕೂತರೂ ಅದನ್ನು ಹಾಕಬೇಡಿ.

ನಿಮ್ಮ ವಿಷಯದಲ್ಲಿ ನನಗೆ ಜಾಸ್ತಿ ಅನುಮಾನ ರೇಲಿನ ಲಾಕಿನ ಮೇಲೆ. ಮೇಜಿನ ಡ್ರಾಯರ್ ಹೇಗೆ ಜರುಗುತ್ತದೋ ಹಾಗೇ ಮೇಲಿನ ರೇಲು ಕೆಳಗಿನದರೊಳಗೆ ಜರುಗುತ್ತದೆ. ಒಂದರಲ್ಲಿ ಸಾಲಾಗಿ ಹಲ್ಲುಗಳೋ ತೂತುಗಳೋ ಇರುತ್ತವೆ. ಇನ್ನೊಂದರಲ್ಲಿ ಸ್ಪ್ರಿಂಗ್ ಹಾಕಿದ ಒಂದು ಕೊಕ್ಕೆ ಇರುತ್ತದೆ. ನೀವು ಸೀಟಿನ ಮುಂಭಾಗದ ಅಡಿಯಲ್ಲಿರುವ ಸರಳನ್ನು ಎತ್ತಿದಾಗ ಕೊಕ್ಕೆ ಬಿಡುತ್ತದೆ, ಬಿಟ್ಟಾಗ ಹಲ್ಲಿಗೆ ಬೀಳುತ್ತದೆ. ಬಹಳ ಸೀಟುಗಳಲ್ಲಿ ಎರಡೂ ಬದಿಗೆ ಒಂದೊಂದು ಲಾಕ್ ಇದ್ದು, ಒಂದೇ ಸರಳು ಅಥವಾ ತಂತಿ ಎರಡನ್ನೂ ಎಳೆಯುತ್ತದೆ. ಒಂದು ಲಾಕ್ ಸರಿಯಾಗಿ ಬಿದ್ದು ಇನ್ನೊಂದು ಅರ್ಧಕ್ಕೇ ನಿಂತರೆ ಸೀಟು ಸ್ವಲ್ಪ ಓರೆಯಾಗಿ ತಿರುಚಿಕೊಳ್ಳುತ್ತದೆ. ಬ್ರೇಕ್ ಹಾಕಿದಾಗ ಬರುವ ಟಕ್ ಹೆಚ್ಚಾಗಿ ಇದೇ.

ಪರೀಕ್ಷೆ ಸುಲಭ. ರೇಡಿಯೋ, ಫ್ಯಾನ್ ಎಲ್ಲ ಆರಿಸಿ, ಸರಳು ಎತ್ತಿ ಸೀಟು ಜರುಗಿಸಿ, ಕೈ ಬಿಡಿ. ಎರಡೂ ಬದಿಯಿಂದ ಕ್ಲಿಕ್ ಒಟ್ಟಿಗೇ ಬರಬೇಕು. ಒಂದು ಬದಿಯದು ತಡವಾಗಿ ಬಂದರೆ, ಅಥವಾ ನೀವು ಮೈ ಅಲುಗಿಸಿದ ಮೇಲೆ ಬಂದರೆ, ಆ ಬದಿಯ ಲಾಕ್ ಸೋಮಾರಿಯಾಗಿದೆ. ಟಾರ್ಚ್ ಹಾಕಿ ರೇಲಿನೊಳಗೆ ನೋಡಿದರೆ ಕಾರಣ ಅಲ್ಲೇ ಬಿದ್ದಿರುತ್ತದೆ: ನಾಣ್ಯ, ಹೇರ್‌ಪಿನ್, ಪೆನ್ನಿನ ಕ್ಯಾಪ್, ಶೂಗೆ ಅಂಟಿ ಬಂದ ಸಣ್ಣ ಕಲ್ಲು, ಇವೆಲ್ಲವನ್ನೂ ಹಿಡಿದಿಟ್ಟುಕೊಂಡ ಕಪ್ಪು ಗಟ್ಟಿ ಗ್ರೀಸು. ವ್ಯಾಕ್ಯೂಮ್ ಹಾಕಿ, ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ, ಡಿಗ್ರೀಸರ್ ಹಾಕಿದ ಬಟ್ಟೆಯಲ್ಲಿ ಒರೆಸಿ. ಒಣಗಿದ ಮೇಲೆ ಬಿಳಿ ಲಿಥಿಯಂ ಗ್ರೀಸನ್ನು ತೆಳ್ಳಗೆ ಸವರಿ. ಮೆತ್ತಿದರೆ ಮತ್ತೆ ಧೂಳು ಕೂರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಡುವವರು ತುಂಬ ಜನ ಇದ್ದಾರೆ. ಅದು ಆರಿದ ಮೇಲೆ ಗ್ರೀಸಿನ ಕೆಲಸ ಮಾಡುವುದಿಲ್ಲ. ಎಷ್ಟೋ ಸೀಟುಗಳ ಅಲುಗಾಟ ಈ ಒಂದು ಕ್ಲೀನಿಂಗಿಗೇ ನಿಂತುಹೋಗುತ್ತದೆ.

ಕ್ಲೀನ್ ಮಾಡಿದ ಮೇಲೂ ಸೀಟು ಜರುಗಿದರೆ ಎರಡೂ ಲಾಕನ್ನು ಕೂಡಿಸುವ ತಂತಿ ಅಥವಾ ಸರಳು ಬಾಗಿದೆಯಾ, ಲಾಕಿನ ಸ್ಪ್ರಿಂಗ್ ಮುರಿದಿದೆಯಾ ನೋಡಿ. ಕೊಕ್ಕೆಯ ಮೂಲೆ ಗುಂಡಗಾಗಿದ್ದರೆ, ತೂತು ಉದ್ದಕ್ಕೆ ಹಿಗ್ಗಿದ್ದರೆ ಆ ರೇಲಿನ ಆಯುಷ್ಯ ಮುಗಿಯಿತು, ಬದಲಿಸಿ. ಅರ ಹಾಕಿ ಉಜ್ಜಿ ಚೂಪು ಮಾಡುವುದು, ಒಂದೇ ಜಾಗದಲ್ಲಿ ವೆಲ್ಡ್ ಮಾಡಿ ನಿಲ್ಲಿಸಿಬಿಡುವುದು, ಎರಡೂ ಬೇಡ. ವೆಲ್ಡಿಂಗಿನ ಬಿಸಿಗೆ ಉಕ್ಕಿನ ಗುಣವೇ ಬದಲಾಗುತ್ತದೆ.

ಇಲ್ಲಿ ಒಂದು ವ್ಯತ್ಯಾಸ ಗೊತ್ತಿರಲಿ. ಎರಡೂ ಲಾಕ್ ಗಟ್ಟಿ ಕೂತಿದ್ದು, ಎಡಕ್ಕೆ ಬಲಕ್ಕೆ ಮಾತ್ರ ಚೂರು ಗಡಗಡ ಅಂದರೆ ರೇಲಿನ ಒಳಗಿನ ಪ್ಲಾಸ್ಟಿಕ್ ತುಂಡುಗಳು ಸವೆದಿವೆ. ಕಿರಿಕಿರಿ ಹೌದು, ಅಪಾಯ ಅಷ್ಟಿಲ್ಲ. ಹಿಂದೆ ಮುಂದೆ ಜರುಗಿದರೆ ಮಾತ್ರ ರಿಪೇರಿಯನ್ನು ಮುಂದೂಡುವ ಹಾಗಿಲ್ಲ.

ಮುಂದಿನ ಕೆಲಸಕ್ಕೆ ಸೀಟು ಹೊರಗೆ ಬರಬೇಕು. ಬಿಚ್ಚುವ ಮುಂಚೆ ಸೀಟಿನ ಬೆನ್ನಿನ ಬಾಗಿಲ ಕಡೆಯ ಅಂಚಿನಲ್ಲಿ ಏರ್‌ಬ್ಯಾಗ್ ಅಂತ ಬರೆದ ಚೀಟಿ ಇದೆಯಾ ನೋಡಿ. 18 ವರ್ಷದ ಕಾರಿನಲ್ಲೂ ಇರಬಹುದು. ಸೀಟಿನ ಕೆಳಗೆ ಹಳದಿ ಬಣ್ಣದ ಪ್ಲಗ್ ಕಂಡರೆ ಅದು ಏರ್‌ಬ್ಯಾಗಿನದ್ದೋ, ಡಿಕ್ಕಿಯಾದಾಗ ಬೆಲ್ಟನ್ನು ಎಳೆದು ಬಿಗಿಯುವ ಸಾಧನದ್ದೋ ಇರುತ್ತದೆ. ಎರಡರಲ್ಲೂ ಸಿಡಿಯುವ ಮದ್ದು ಇದೆ. ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಕಾರಿನ ಮ್ಯಾನುಯಲ್ ಹೇಳಿದಷ್ಟು ಹೊತ್ತು ಕಾಯಿರಿ. ಬ್ಯಾಟರಿ ಕಳಚಿದ ಮೇಲೂ ಏರ್‌ಬ್ಯಾಗ್ ಪೆಟ್ಟಿಗೆಯಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ. ನಾನು ಯಾವ ಕಾರಾದರೂ ಕಾಲು ಗಂಟೆ ಬಿಡುತ್ತೇನೆ. ಹಳದಿ ಪ್ಲಗ್ಗಿಗೆ ಮಲ್ಟಿಮೀಟರ್ ಇಡಬೇಡಿ. ಪ್ಲಗ್ ಬಿಚ್ಚಿಟ್ಟಾಗ ಕೀ ಆನ್ ಮಾಡಬೇಡಿ, ಮಾಡಿದರೆ ಎಚ್ಚರಿಕೆಯ ದೀಪ ಹತ್ತಿ ಸ್ಕ್ಯಾನರ್ ಹಾಕುವವರೆಗೂ ಆರದೆ ಕೂರಬಹುದು. ಮೋಟರ್ ಇರುವ ಸೀಟಾದರೆ ಬ್ಯಾಟರಿ ಕಳಚುವ ಮೊದಲೇ ನಾಲ್ಕೂ ಬೋಲ್ಟುಗಳನ್ನು ಸಡಿಲಿಸಿಟ್ಟುಕೊಳ್ಳಿ. ಆಮೇಲೆ ಸೀಟು ಜರುಗುವುದಿಲ್ಲ, ಹಿಂದಿನ ಬೋಲ್ಟಿಗೆ ಪಾನಾ ಹೋಗುವುದಿಲ್ಲ.

ತಲೆದಿಂಬು ತೆಗೆಯಿರಿ. ಬೋಲ್ಟ್ ಬಿಚ್ಚಿ ಸೀಟನ್ನು ಹಿಂದಕ್ಕೆ ವಾಲಿಸಿ, ಕೆಳಗಿನ ಪ್ಲಗ್ಗುಗಳನ್ನೆಲ್ಲ ಕಳಚಿದ ಮೇಲೇ ಎತ್ತಿ. ಸಾದಾ ಸೀಟು 15ರಿಂದ 25 ಕೆ.ಜಿ. ಇರುತ್ತದೆ, ಮೋಟರ್ ಇದ್ದರೆ ಇನ್ನೂ ಭಾರ. ರೇಲಿನ ತುದಿ ಚಾಕುವಿನಷ್ಟು ಚೂಪು. ಬಾಗಿಲ ಹೊಸ್ತಿಲಿನ ಮೇಲೆ ಹಳೆ ಕಂಬಳಿ ಹಾಸಿ, ಇಬ್ಬರು ಹಿಡಿದು ತೆಗೆಯಿರಿ. ಹೊರಗೆ ಬಂದ ಮೇಲೆ ಸರಳನ್ನು ಎತ್ತಬೇಡಿ. ಎತ್ತಿದರೆ ಎರಡು ರೇಲುಗಳು ಬೇರೆ ಬೇರೆ ಜಾಗಕ್ಕೆ ಜರುಗುತ್ತವೆ. ಒಂದು ಹಲ್ಲು ಹಿಂದೆ ಮುಂದೆ ಆದರೂ ವಾಪಸ್ ಹಾಕುವಾಗ ಬೋಲ್ಟ್ ತೂತಿಗೆ ಕೂರುವುದಿಲ್ಲ. ಬಲವಂತದಿಂದ ಕೂರಿಸಿದರೆ ಸೀಟು ಓರೆ ಆಗುತ್ತದೆ, ಲಾಕ್ ಅರ್ಧಕ್ಕೆ ನಿಲ್ಲುತ್ತದೆ. ರೇಲು ಕ್ಲೀನ್ ಮಾಡಲು ಎತ್ತಲೇಬೇಕಾದರೆ ಮೊದಲು ಎರಡೂ ಬದಿಯಲ್ಲಿ ಪೇಂಟಿನಿಂದ ಗುರುತು ಹಾಕಿಕೊಳ್ಳಿ.

ಈಗ ಸೀಟನ್ನು ಮಗುಚಿ ಹಾಕಿ. ಕುಸಿದ ಸೀಟಿನ ಕಥೆಯೆಲ್ಲ ಅಡಿಯಲ್ಲೇ ಇರುತ್ತದೆ. ಹಾವಿನ ಹಾಗೆ ಅಂಕುಡೊಂಕಾಗಿ ಹೋಗುವ ದಪ್ಪ ತಂತಿಯ ಸ್ಪ್ರಿಂಗುಗಳು ಕಾಣಬಹುದು. ಇಲ್ಲವೇ ತಂತಿಯ ಒಂದು ಜಾಲ ಇದ್ದು, ಅದನ್ನು ಸುತ್ತಲಿನ ಫ್ರೇಮಿಗೆ ಸಣ್ಣ ಸುರುಳಿ ಸ್ಪ್ರಿಂಗುಗಳಿಂದ ತೂಗು ಹಾಕಿರುತ್ತಾರೆ. ತುಂಬಾ ಹಳೆಯ ಕಾರುಗಳಲ್ಲಿ ರಬ್ಬರಿನ ಅಗಲ ಪಟ್ಟಿಗಳೂ ಇರುತ್ತವೆ. ಯಾವುದೇ ಇರಲಿ, ಮುರಿದಿರುವುದು ಹೆಚ್ಚಾಗಿ ಬಾಗಿಲ ಕಡೆಯದೇ. ಕಾರು ಹತ್ತುವಾಗ, ಇಳಿಯುವಾಗ ಇಡೀ ಮೈಭಾರ ಆ ಅಂಚಿನ ಮೇಲೇ ಬೀಳುತ್ತದಲ್ವಾ? ತಂತಿ ಮುರಿಯುವುದು ನಡುವೆ ಅಲ್ಲ, ಫ್ರೇಮಿಗೆ ಸಿಕ್ಕಿಸುವ ಕೊಂಡಿ ಬಾಗುವ ಕಡೆ. ನಿಮ್ಮದು ಬಾಗಿಲ ಕಡೆಗೇ ಕುಸಿದಿದೆ ಅನ್ನುವುದರಿಂದ ಮೊದಲು ಅಲ್ಲೇ ಕೈ ಹಾಕಿ.

ಇನ್ನೊಂದು ಸುಳಿವು ಸೀಟಿನ ಕೆಳಗಿನ ಕಾರ್ಪೆಟ್ ಮೇಲೆ ಸಿಗುತ್ತದೆ. ರವೆಯಂಥ ಹಳದಿ ಪುಡಿ ಬಿದ್ದಿದೆಯಾ? ಅದು ಫೋಮು. ಸ್ಪ್ರಿಂಗಿಗೂ ಫೋಮಿಗೂ ನಡುವೆ ಸೆಣಬಿನದ್ದೋ ಫೆಲ್ಟಿನದ್ದೋ ಬಟ್ಟೆಯ ಒಂದು ಪದರ ಇರುತ್ತದೆ. ಅದು ಹರಿದರೆ ತಂತಿ ಫೋಮನ್ನು ಗರಗಸದ ಹಾಗೆ ಕೊಯ್ಯುತ್ತದೆ. ಆಗ ಮೇಲಿಂದ ಎಷ್ಟು ಹೊಸ ಫೋಮ್ ತುಂಬಿದರೂ ಕೆಲವು ತಿಂಗಳಲ್ಲಿ ಅದೂ ಪುಡಿಯಾಗಿ ಕೆಳಗೆ ಬೀಳುತ್ತದೆ. ಕುಷನ್ ಕೆಲಸದವರು ಫೋಮ್ ಸಾಕು ಅಂದಾಗ ಕೇಳಬೇಕಾದ ಪ್ರಶ್ನೆ ಇದೇ: ಸ್ಪ್ರಿಂಗ್ ನೋಡಿದ್ದೀರಾ, ನಡುವಿನ ಬಟ್ಟೆ ಹೊಸದು ಹಾಕುತ್ತೀರಾ?

ಕೊಂಡಿ ಬರೀ ಕಳಚಿಕೊಂಡಿದ್ದರೆ ನಿಮ್ಮ ಅದೃಷ್ಟ. ಗಟ್ಟಿ ಹಗ್ಗದ ಕುಣಿಕೆ ಹಾಕಿ ಎಳೆದು ವಾಪಸ್ ಸಿಕ್ಕಿಸಿ, ಕೊಂಡಿಯ ಬಾಯಿಯನ್ನು ಪ್ಲೈಯರಿನಿಂದ ಸ್ವಲ್ಪ ಮುಚ್ಚಿ. ಕನ್ನಡಕ ಹಾಕಿಕೊಂಡೇ ಮಾಡಿ, ಜಾರಿದ ಸ್ಪ್ರಿಂಗ್ ನೇರ ಮುಖಕ್ಕೆ ಬರುತ್ತದೆ. ತಂತಿ ಮುರಿದಿದ್ದರೆ ವೆಲ್ಡಿಂಗಿಗೆ ಒಯ್ಯಬೇಡಿ. ಸ್ಪ್ರಿಂಗ್ ಉಕ್ಕಿಗೆ ಬಿಸಿ ತಾಗಿದ ಜಾಗ ಪೆಡಸಾಗುತ್ತದೆ, ವೆಲ್ಡಿನ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಅದೇ ದಪ್ಪದ ಹೊಸ ಅಂಕುಡೊಂಕು ಸ್ಪ್ರಿಂಗು ಸೋಫಾ ಕೆಲಸದವರ ಹತ್ತಿರ ಸಿಗುತ್ತದೆ, ಅಳತೆಗೆ ಕತ್ತರಿಸಿ ತುದಿಯನ್ನು ಒಳಕ್ಕೆ ಬಾಗಿಸಿ ಹಾಕಬಹುದು. ಜಾಲದ ಸಣ್ಣ ಸುರುಳಿಗಳನ್ನು ಒಂದೊಂದಾಗಿ ಬದಲಿಸಬಹುದು, ಆದರೆ ಎದುರು ಬದಿಯದನ್ನೂ ಒಟ್ಟಿಗೇ ಬದಲಿಸಿ. ಇಲ್ಲದಿದ್ದರೆ ಕುಸಿತ ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ. ರಬ್ಬರ್ ಪಟ್ಟಿ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಎಲ್ಲವನ್ನೂ ಹೊಸದು ಹಾಕಿ.

ದಪ್ಪ ಕೇಬಲ್ ಟೈ ಹಾಕಿ ತಂತಿಗಳನ್ನು ಬಿಗಿಯುವವರಿದ್ದಾರೆ. ಹೊಸ ಸ್ಪ್ರಿಂಗ್ ಬರುವವರೆಗೆ ಪರವಾಗಿಲ್ಲ. ಸ್ಪ್ರಿಂಗಿನ ಮೇಲೆ ಪ್ಲೈವುಡ್ ಹಲಗೆ ಇಡುವುದು ಮಾತ್ರ ಬೇಡವೇ ಬೇಡ. ಕೂತ ಮೊದಲ ದಿನ ಗಟ್ಟಿಯಾಗಿದೆ ಅಂತ ಖುಷಿಯಾಗುತ್ತದೆ. ಆಮೇಲೆ ಪ್ರತಿ ಗುಂಡಿಯ ಹೊಡೆತವೂ ನೇರ ಬೆನ್ನುಹುರಿಗೆ. ಡಿಕ್ಕಿಯಾದಾಗ ಆ ಹಲಗೆಯ ಅಂಚು ಎಲ್ಲಿಗೆ ಬರುತ್ತದೆ ಅಂತ ಒಮ್ಮೆ ಯೋಚಿಸಿ.

ಫೋಮಿನ ಕೆಲಸಕ್ಕೆ ಕವರ್ ಬಿಚ್ಚಬೇಕು. ಏರ್‌ಬ್ಯಾಗ್ ಇರುವ ಬೆನ್ನಿನ ಕವರನ್ನು ಮುಟ್ಟಬೇಡಿ. ಅದರ ಹೊಲಿಗೆ ಏರ್‌ಬ್ಯಾಗ್ ಉಬ್ಬಿದಾಗ ಸರಿಯಾದ ಜಾಗದಲ್ಲೇ ಬಿಚ್ಚಿಕೊಳ್ಳುವ ಹಾಗೆ ಹಾಕಿರುತ್ತಾರೆ. ಕೂರುವ ಭಾಗದ ಕವರ್ ಅಡಿಯಲ್ಲಿ ಪ್ಲಾಸ್ಟಿಕ್ ಪಟ್ಟಿಗಳಿಂದ ಫ್ರೇಮಿಗೆ ಸಿಕ್ಕಿಕೊಂಡಿರುತ್ತದೆ, ಒಳಗೆ ತಂತಿಯ ಸಣ್ಣ ಉಂಗುರಗಳಿಂದ ಫೋಮಿಗೆ ಹಿಡಿದಿರುತ್ತದೆ. ಉಂಗುರಗಳನ್ನು ಕಟಿಂಗ್ ಪ್ಲೈಯರಿನಿಂದ ಕತ್ತರಿಸಿ, ಆದರೆ ಅವು ಹಿಡಿದಿದ್ದ ಉದ್ದ ತಂತಿಗಳನ್ನು ಎತ್ತಿಡಿ. ಹೆಜ್ಜೆ ಹೆಜ್ಜೆಗೂ ಫೋಟೋ ತೆಗೆದುಕೊಳ್ಳಿ. ಸೀಟು ಬಿಸಿ ಮಾಡುವ ಹಾಳೆ ಇದ್ದರೆ ಮಡಚಬೇಡಿ, ಕತ್ತರಿಸಬೇಡಿ.

ಫೋಮ್ ಬರೀ ಚಪ್ಪಟೆಯಾಗಿದ್ದು, ಮುಟ್ಟಿದರೆ ಪುಡಿ ಆಗದಿದ್ದರೆ ಸ್ಟೀಮರಿನ ಆವಿ ಹಾಯಿಸಿ ನೋಡಿ, ಸ್ವಲ್ಪ ಉಬ್ಬುತ್ತದೆ. ಬಹಳ ಕಾಲ ಬಾಳುವ ಉಪಾಯ ಅಲ್ಲ. ಒಂದು ಬದಿ ಮಾತ್ರ ಹಾಳಾಗಿದ್ದರೆ ಆ ಭಾಗವನ್ನು ಉದ್ದ ಬ್ಲೇಡಿನಿಂದ ನೇರ ಅಂಚು ಬರುವ ಹಾಗೆ ಕತ್ತರಿಸಿ, ಅಷ್ಟೇ ಅಳತೆಯ ಹೊಸ ತುಂಡು ಕೂರಿಸಿ. ಅಂಗಡಿಯಲ್ಲಿ 'ಗಟ್ಟಿ ಫೋಮ್ ಕೊಡಿ' ಅಂದರೆ ಸಾಲದು. ಫೋಮಿಗೆ ಸಾಂದ್ರತೆ ಬೇರೆ, ಗಡಸುತನ ಬೇರೆ. ಸಾಂದ್ರತೆಯಿಂದ ಎಷ್ಟು ವರ್ಷ ಬಾಳುತ್ತದೆ ಅಂತ ಗೊತ್ತಾಗುತ್ತದೆ, ಗಡಸುತನದಿಂದ ಕೂತಾಗ ಹೇಗಿರುತ್ತದೆ ಅಂತ ಗೊತ್ತಾಗುತ್ತದೆ. ಕಡಿಮೆ ಸಾಂದ್ರತೆಯ ಗಡಸು ಫೋಮ್ ಇವತ್ತು ಗಟ್ಟಿಯಾಗಿದ್ದು ನಾಳೆ ಹಪ್ಪಳ ಆಗುತ್ತದೆ. ಘನ ಮೀಟರಿಗೆ 40ರಿಂದ 50 ಕೆ.ಜಿ. ಸಾಂದ್ರತೆಯದು ಕೇಳಿ, ಗಡಸುತನವನ್ನು ಉಳಿದ ಹಳೆ ಫೋಮಿನ ಪಕ್ಕ ಇಟ್ಟು ಮುಷ್ಟಿಯಿಂದ ಒತ್ತಿ ಹೋಲಿಸಿ. ಅಂಟನ್ನು ಎರಡೂ ಕಡೆ ತೆಳ್ಳಗೆ ಸ್ಪ್ರೇ ಮಾಡಿ, ಬೆರಳಿಗೆ ಅಂಟುವಷ್ಟು ಆರಿದ ಮೇಲೆ ಕೂಡಿಸಿ. ದಪ್ಪಗೆ ಸುರಿದರೆ ಗಂಟು ಕಟ್ಟಿ ತೊಡೆಗೆ ಒತ್ತುತ್ತದೆ. ಅಡಿಯಲ್ಲಿ ಹೊಸ ಕ್ಯಾನ್ವಾಸ್ ಅಥವಾ ಫೆಲ್ಟ್ ಹಾಕುವುದನ್ನು ಮರೆಯಬೇಡಿ. ಮೊದಲಿದ್ದ ಎತ್ತರಕ್ಕಿಂತ ಜಾಸ್ತಿ ತುಂಬಿಸುವ ಆಸೆ ಬೇಡ. ಅದೂ ದಿಂಬಿನ ಕಥೆಯೇ.

ಇನ್ನು ಲಿವರು. ಮೊದಲು, ನಿಜವಾಗಿ ಇಳಿಯುತ್ತಿರುವುದು ಯಾವುದು ಅಂತ ಖಚಿತ ಮಾಡಿಕೊಳ್ಳಿ. ನೆಲದಿಂದ ಸೀಟಿನ ಕಬ್ಬಿಣದ ಫ್ರೇಮಿಗೆ ಟೇಪ್ ಹಿಡಿದು ಎರಡೂ ಬದಿ ಅಳೆಯಿರಿ. ಕುಷನ್ನಿಗಲ್ಲ, ಫ್ರೇಮಿಗೆ. ಒಂದಷ್ಟು ದೂರ ಓಡಿಸಿ ಬಂದು ಮತ್ತೆ ಅಳೆಯಿರಿ. ಫ್ರೇಮ್ ಇದ್ದಲ್ಲೇ ಇದ್ದರೆ ಲಿವರಿನ ತಪ್ಪಿಲ್ಲ, ಇಳಿದದ್ದು ಫೋಮು. ಎರಡೂ ಬದಿ ಸಮ ಇಳಿದಿದ್ದರೆ ಲಿವರಿನ ಹಿಂದಿರುವ ದುಂಡನೆ ಡಬ್ಬಿಯೊಳಗಿನ ಬ್ರೇಕ್ ಸವೆದಿದೆ. ಒಂದು ಬದಿ ಮಾತ್ರ ಇಳಿದಿದ್ದರೆ ಹಲ್ಲಿನ ಚಕ್ರ ಮುರಿದಿದೆ, ಇಲ್ಲವೇ ಎರಡೂ ಬದಿಯನ್ನು ಕೂಡಿಸುವ ಅಡ್ಡ ಕೊಳವೆಯ ವೆಲ್ಡ್ ಬಿರುಕು ಬಿಟ್ಟಿದೆ.

ಆ ಡಬ್ಬಿ ಸೀಟನ್ನು ಹಿಡಿದಿಡುವುದು ಲೋಹದ ಮೇಲೆ ಲೋಹದ ಬಿಗಿ ಹಿಡಿತದಿಂದ. ಕಿರ್ ಅನ್ನುತ್ತದೆ ಅಂತ ಅದರೊಳಗೆ ಎಣ್ಣೆ ಸ್ಪ್ರೇ ಮಾಡಿದರೆ ಇದ್ದ ಹಿಡಿತವೂ ಜಾರುತ್ತದೆ. ಹಿಂದೆ ಯಾರಾದರೂ ಹಾಗೆ ಮಾಡಿದ್ದರೆ ನಿಮ್ಮ ತೊಂದರೆಗೆ ಅದೇ ಕಾರಣ ಇರಬಹುದು. ಒಳಗಡೆ ರಿಪೇರಿ ಮಾಡುವಂಥದ್ದಲ್ಲ, ಡಬ್ಬಿಯನ್ನೇ ಬದಲಿಸಬೇಕು. ಕೆಲವದರಲ್ಲಿ ಸ್ಕ್ರೂ, ಕೆಲವದರಲ್ಲಿ ರಿವೆಟ್. ಬಿಚ್ಚುವ ಮೊದಲು ಸೀಟನ್ನು ತುದಿಯವರೆಗೆ ಮೇಲೆತ್ತಿಡಿ. ಸೀಟು ಎತ್ತಲು ನೆರವಾಗುವ ಒಂದು ದಪ್ಪ ಸ್ಪ್ರಿಂಗ್ ಅಡಿಯಲ್ಲಿರುತ್ತದೆ. ಸೀಟು ಕೆಳಗಿದ್ದಾಗ ಅದು ಪೂರ್ತಿ ಬಿಗಿದುಕೊಂಡಿರುತ್ತದೆ, ಆಗ ಬಿಚ್ಚಿದರೆ ಬೆರಳು ಮುರಿಯುವಷ್ಟು ಜೋರಾಗಿ ಬಿಡುತ್ತದೆ. ಹೊಸ ಡಬ್ಬಿ ಸಿಗುವವರೆಗೆ ಸೀಟನ್ನು ಪೂರ್ತಿ ಕೆಳಗಿಳಿಸಿ ಓಡಿಸಿ, ಅಲ್ಲಿಂದ ಇನ್ನೂ ಇಳಿಯಲು ಜಾಗವಿಲ್ಲ. ಹಾಗೆ ಕೂತಾಗ ರಸ್ತೆ ಸರಿಯಾಗಿ ಕಾಣದಷ್ಟು ನೀವು ಕುಳ್ಳಗಿದ್ದರೆ ಓಡಿಸಬೇಡಿ.

ಸೀಟನ್ನು ಎತ್ತುವ ಕೀಲುಗಳು ಸಡಿಲವಾಗಿದ್ದರೆ ಸೀಟು ತಲೆದೂಗಿದ ಹಾಗೆ ಮುಂದೆ ಹಿಂದೆ ಬಾಗುತ್ತದೆ. ರಿವೆಟಿನ ಸುತ್ತಲಿನ ನೈಲಾನ್ ಬಳೆ (ಬುಷ್) ಸವೆದಿರುತ್ತದೆ. ಲೇತ್ ಕೆಲಸದವರು ಹೊಸ ಬುಷ್ ಮಾಡಿ, ನಡುಭಾಗ ನುಣ್ಣಗಿರುವ ಪಿನ್ ಬೋಲ್ಟ್ ಹಾಕಿಕೊಡುತ್ತಾರೆ. ಉದ್ದಕ್ಕೂ ಥ್ರೆಡ್ ಇರುವ ಬೋಲ್ಟ್ ಹಾಕಿದರೆ ಅದೇ ತೂತನ್ನು ಕೊರೆದು ಅಗಲ ಮಾಡುತ್ತದೆ.

ಬೆನ್ನು ಒಂದು ಬದಿಗೆ ತಿರುಚಿಕೊಂಡಿದ್ದರೆ, ಬಾಗಿಸುವ ಕೀಲಿನ ಹತ್ತಿರ ಫ್ರೇಮ್ ಬಿರುಕು ಬಿಟ್ಟಿದ್ದರೆ, ರೇಲಿನ ಹಲ್ಲು ಹೋಗಿ ಹೊಸ ರೇಲು ಸಿಗದಿದ್ದರೆ ಗ್ಯಾರೇಜಿನವರ ಮಾತು ಸರಿ, ಸೀಟೇ ಬದಲಿಸಿ. ಉಳಿದದ್ದೆಲ್ಲ ರಿಪೇರಿ ಆಗುತ್ತದೆ. ನೀವು ಬರೆದದ್ದನ್ನು ನೋಡಿದರೆ ರೇಲು ಕ್ಲೀನಿಂಗ್, ಬಾಗಿಲ ಕಡೆಯ ಸ್ಪ್ರಿಂಗ್, ಫೋಮಿನ ಒಂದು ತುಂಡು, ಲಿವರಿನ ಡಬ್ಬಿ, ಇಷ್ಟರಲ್ಲಿ ಮುಗಿಯಬಹುದು ಅಂತ ನನ್ನ ಅಂದಾಜು. ರೇಲು, ಬೋಲ್ಟುಗಳ ಕೆಲಸ ನೀವೇ ಮಾಡಿಕೊಳ್ಳಬಹುದು. ಹಳದಿ ಪ್ಲಗ್ ಇದ್ದರೆ ಬಿಚ್ಚಿ ಹಾಕುವುದನ್ನು ಅದು ಗೊತ್ತಿರುವವರಿಗೆ ಬಿಡಿ.

ಗುಜರಿಯಿಂದ ಸೀಟು ತರುವುದಾದರೆ ಅದೇ ಮಾದರಿ, ಅದೇ ಅವಧಿಯ ಕಾರಿನದು, ಪ್ಲಗ್ಗುಗಳೂ ಹೊಂದುವಂಥದ್ದು ನೋಡಿ ತನ್ನಿ. ಡಿಕ್ಕಿಯಾದ ಕಾರಿನದ್ದು ಬೇಡ. ಬಕಲ್ ಮಾಮೂಲಿಗಿಂತ ಕೆಳಕ್ಕೆ ಇಳಿದು ಕೂತಿದ್ದರೆ ಬೆಲ್ಟ್ ಬಿಗಿಯುವ ಮದ್ದು ಸಿಡಿದಾಗಿದೆ ಅಂತ ತಿಳಿಯಿರಿ. ರೇಲಿನಲ್ಲಿ ಕೆಸರಿನ ಗೆರೆ ಕಂಡರೆ ನೀರಿನಲ್ಲಿ ಮುಳುಗಿದ ಕಾರಿನದು.

ವಾಪಸ್ ಹಾಕುವಾಗ ಪ್ಲಗ್ಗುಗಳನ್ನು ಮೊದಲು ಸಿಕ್ಕಿಸಿ, ನಾಲ್ಕೂ ಬೋಲ್ಟನ್ನು ಕೈಯಲ್ಲೇ ಕೆಲವು ಸುತ್ತು ತಿರುಗಿಸಿ. ಮೊದಲ ಸುತ್ತಿನಿಂದಲೇ ಪಾನಾ ಹಾಕಿದರೆ ಥ್ರೆಡ್ ಅಡ್ಡ ಹತ್ತುತ್ತದೆ. ಆಮೇಲೆ ಮುಂದಿನವು, ಸೀಟು ಜರುಗಿಸಿ ಹಿಂದಿನವು, ಕೊನೆಗೆ ಎಷ್ಟು ಬಿಗಿದಿದೆ ಅಂತ ತೋರಿಸುವ ಪಾನಾ, ಅಂದರೆ ಟಾರ್ಕ್ ರೆಂಚ್. ಎಂ8 (8 ಮಿಲಿಮೀಟರ್ ದಪ್ಪದ) ಬೋಲ್ಟಿಗೆ ಸಾಮಾನ್ಯವಾಗಿ 20ರಿಂದ 30 ನ್ಯೂಟನ್ ಮೀಟರ್, ಎಂ10ಕ್ಕೆ 40ರಿಂದ 50ರ ಆಸುಪಾಸು. ನಿಮ್ಮ ಮ್ಯಾನುಯಲ್ಲಿನ ಅಂಕಿಯೇ ಅಂತಿಮ. ಹಳೆ ಬೋಲ್ಟಿನ ಥ್ರೆಡ್ಡಿಗೆ ಬಣ್ಣದ ಅಂಟು ಇದ್ದರೆ ಹೊಸದಾಗಿ ಹಚ್ಚಿ. ಬ್ಯಾಟರಿ ಜೋಡಿಸಿ ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಸೀಟನ್ನು ಪ್ರತಿ ಹಲ್ಲಿನಲ್ಲೂ ನಿಲ್ಲಿಸಿ ಎರಡೂ ಕ್ಲಿಕ್ ಕೇಳಿಸಿಕೊಳ್ಳಿ. ಖಾಲಿ ಜಾಗದಲ್ಲಿ, ನಡಿಗೆಯ ವೇಗದಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪ ಜೋರಾಗಿ ಬ್ರೇಕ್ ಹಾಕಿ ನೋಡಿ. ಕೊನೆಗೆ ಬೋಲ್ಟಿನ ತಲೆಯಿಂದ ರೇಲಿನ ಮೇಲಕ್ಕೆ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆಯಿರಿ. ಒಂದು ವಾರ ಬಿಟ್ಟು ಟಾರ್ಚ್ ಹಾಕಿ ನೋಡಿದಾಗ ಗೆರೆ ಮುರಿದಿದ್ದರೆ ಆ ಬೋಲ್ಟ್ ಮತ್ತೆ ಸಡಿಲವಾಗುತ್ತಿದೆ, ಅದರ ಕೆಳಗಿನ ನಟ್ಟನ್ನು ನೋಡಿಸಬೇಕು.